ಲಿಂಗತ್ವ ಅಸ್ಮಿತೆ, ಹಾರ್ಮೋನು ಚಿಕಿತ್ಸೆ ಮತ್ತು ಕನ್ನಡದ ಪರಿಭಾಷೆ

ಕನ್ನಡದ ‘ಲಿಂಗ’ ಎಂಬ ಪದವು ಏಕಕಾಲಕ್ಕೆ ಹಲವು ಅರ್ಥಗಳನ್ನು ಹೊತ್ತಿದೆ. ವ್ಯಾಕರಣದಲ್ಲಿ ಅದು ನಾಮಪದದ ವಿಭಾಗ. ಶರೀರಶಾಸ್ತ್ರದಲ್ಲಿ ದೇಹದ ಲಕ್ಷಣ. ಶರಣ ಪರಂಪರೆಯಲ್ಲಿ ಆರಾಧ್ಯ. ಸಾಮಾಜಿಕವಾಗಿ ರೂಪುಗೊಳ್ಳುವ ಗಂಡುತನ, ಹೆಣ್ಣುತನಗಳನ್ನು ಸೂಚಿಸಲು ‘ಲಿಂಗತ್ವ’ ಎಂಬ ರೂಪವು ಈಚಿನ ದಶಕಗಳಲ್ಲಿ ಬಳಕೆಗೆ ಬಂದಿದೆ. ಲಿಂಗ, ಲಿಂಗತ್ವಗಳ ಈ ಅಂತರವು ಕೇವಲ ಶಾಸ್ತ್ರಚರ್ಚೆಗೆ ಸೀಮಿತವಾದುದಲ್ಲ. ಆಸ್ಪತ್ರೆಯಲ್ಲಿ ವ್ಯಕ್ತಿಯೊಬ್ಬರಿಗೆ ದೊರೆಯುವ ಆರೈಕೆಯ ಸ್ವರೂಪವನ್ನೂ ಅದು ಪ್ರಭಾವಿಸುತ್ತದೆ.

ವೈದ್ಯಶಾಸ್ತ್ರವು ಬಹುಕಾಲ ಈ ಅನುಭವವನ್ನು ಮಾನಸಿಕ ವ್ಯಾಧಿಯೆಂದೇ ಪರಿಗಣಿಸಿತ್ತು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ‘ವ್ಯಾಧಿ’ ಎಂಬ ಹೆಸರನ್ನು ಕೈಬಿಟ್ಟು, ವ್ಯಕ್ತಿಯು ಅನುಭವಿಸುವ ಯಾತನೆಯನ್ನು ಮಾತ್ರ ಗುರುತಿಸುವ ಪದವನ್ನು ಸ್ವೀಕರಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಲ್ಲಿ ಜಾರಿಗೆ ತಂದ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯು ಇದನ್ನು ಮಾನಸಿಕ ರೋಗಗಳ ಅಧ್ಯಾಯದಿಂದ ಹೊರತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿತು. ಪೂರ್ಣವಾಗಿ ಕೈಬಿಟ್ಟರೆ ಚಿಕಿತ್ಸೆ ಪಡೆಯುವ ಆಧಾರವೇ ಇಲ್ಲವಾಗಬಹುದೆಂಬ ಎಚ್ಚರ ಇದರ ಹಿಂದಿದೆ.

ಹಾರ್ಮೋನು ಚಿಕಿತ್ಸೆಯ ಪರಿಣಾಮಗಳಿಗೆ ಸ್ಪಷ್ಟ ಮಿತಿಗಳಿವೆ. ಟೆಸ್ಟೋಸ್ಟಿರಾನ್ ಧ್ವನಿಯನ್ನು ಶಾಶ್ವತವಾಗಿ ಗಡುಸಾಗಿಸುತ್ತದೆ. ಈಸ್ಟ್ರೋಜನ್ ಸ್ತನಗಳ ಬೆಳವಣಿಗೆಗೆ ಕಾರಣವಾದರೂ ಈಗಾಗಲೇ ಒಡೆದ ಧ್ವನಿಯನ್ನು ಬದಲಿಸಲಾರದು. ಎರಡೂ ಸಂತಾನಶಕ್ತಿಯನ್ನು ಕುಂದಿಸಬಲ್ಲವು. ಈಸ್ಟ್ರೋಜನ್‌ನಿಂದ ರಕ್ತ ಹೆಪ್ಪುಗಟ್ಟುವ, ಟೆಸ್ಟೋಸ್ಟಿರಾನ್‌ನಿಂದ ಕೆಂಪು ರಕ್ತಕಣಗಳು ಮಿತಿಮೀರುವ ಅಪಾಯವಿರುವುದರಿಂದ ನಿಯತ ರಕ್ತಪರೀಕ್ಷೆ ಅಗತ್ಯ. ವೈದ್ಯರ ನಿರಾಕರಣೆ, ಅಪಹಾಸ್ಯ ಹಾಗೂ ಬಡತನಗಳಿಂದಾಗಿ ಹಲವರು ಔಷಧದ ಅಂಗಡಿಯ ಗರ್ಭನಿರೋಧಕ ಮಾತ್ರೆಗಳನ್ನೇ ಸ್ವತಃ ಸೇವಿಸುವುದುಂಟು. ಅವುಗಳಲ್ಲಿ ಸಾಮಾನ್ಯವಾಗಿ ಬಳಸುವ ಕೃತಕ ಈಸ್ಟ್ರೋಜನ್‌ನಿಂದ ಹೆಪ್ಪುಗಟ್ಟುವ ಅಪಾಯ ಇನ್ನೂ ಹೆಚ್ಚು. ಇಲ್ಲಿ ಅಪಾಯದ ಮೂಲ ಔಷಧವಷ್ಟೇ ಅಲ್ಲ, ಆರೈಕೆಯ ಅಭಾವವೂ ಹೌದು.

ಆದರೆ ಅಸ್ಮಿತೆಗೆ ಚಿಕಿತ್ಸೆಯೇ ಪ್ರಮಾಣವಲ್ಲ. ಉತ್ತರ ಕರ್ನಾಟಕದ ಜೋಗಪ್ಪಂದಿರು ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ತಮ್ಮ ಗುರುತನ್ನು ಪಡೆಯುತ್ತಾರೆ. ಶಸ್ತ್ರಚಿಕಿತ್ಸೆ ಆ ಪರಂಪರೆಯ ಷರತ್ತಲ್ಲ. ಸುಪ್ರೀಂ ಕೋರ್ಟು 2014ರ ನಾಲ್ಸಾ ತೀರ್ಪಿನಲ್ಲಿ ಸ್ವಯಂನಿರ್ಣಯದ ಹಕ್ಕನ್ನು ಮಾನ್ಯಮಾಡಿ, ಗುರುತಿಗಾಗಿ ಶಸ್ತ್ರಚಿಕಿತ್ಸೆಯನ್ನು ಒತ್ತಾಯಿಸಲಾಗದೆಂದಿತು. 2019ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಹಾರ್ಮೋನು ಚಿಕಿತ್ಸೆ, ಆಪ್ತಸಲಹೆಗಳನ್ನು ಒದಗಿಸುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿತು. ಆದರೆ ‘ಗಂಡು’ ಅಥವಾ ‘ಹೆಣ್ಣು’ ಎಂಬ ಬದಲಾದ ಪ್ರಮಾಣಪತ್ರಕ್ಕೆ ಶಸ್ತ್ರಚಿಕಿತ್ಸೆಯ ದಾಖಲೆಯನ್ನು ಬಯಸಿತು. ತೀರ್ಪು ಬೇರ್ಪಡಿಸಿದ್ದ ದೇಹ ಹಾಗೂ ಅಸ್ಮಿತೆಗಳು ಇಲ್ಲಿ ಮತ್ತೆ ಬೆಸೆದುಕೊಂಡವು.

‘ಲಿಂಗ ಪರಿವರ್ತನೆ’ ಎಂಬ ರೂಢಿಯ ಪದವೂ ಇದೇ ಬೆಸುಗೆಯನ್ನು ಮಾಡುತ್ತದೆ. ಹಾರ್ಮೋನು, ಶಸ್ತ್ರಚಿಕಿತ್ಸೆ, ದಾಖಲೆಯ ತಿದ್ದುಪಡಿಗಳೆಲ್ಲ ಅದರಲ್ಲಿ ಒಂದಾಗುತ್ತವೆ. ಹಾರ್ಮೋನನ್ನಷ್ಟೇ ಬಯಸುವವರು, ಏನನ್ನೂ ಬಯಸದವರು ಅಪೂರ್ಣರಂತೆ ತೋರುತ್ತಾರೆ. ಕನ್ನಡ ವ್ಯಾಕರಣವಾದರೋ ಇಷ್ಟು ಸಂಕುಚಿತವಲ್ಲ. ಉತ್ತಮ ಪುರುಷದ ‘ಬಂದೆನು’ ಹೇಳುವವರ ಲಿಂಗವನ್ನು ಕೇಳುವುದಿಲ್ಲ. ಗೌರವಸೂಚಕ ‘ಅವರು’ ಎಲ್ಲರಿಗೂ ಸಲ್ಲುತ್ತದೆ. ತಮ್ಮ ಕುರಿತು ತಾವೇ ಹೇಳಿಕೊಳ್ಳುವವರಿಗೆ ಭಾಷೆ ನೀಡಿರುವ ಈ ಅವಕಾಶವನ್ನು ‘ಅವನು’, ‘ಅವಳು’ ಎಂದು ಬರೆಯುವ ರೋಗಿಯ ಚೀಟಿ ಕಸಿದುಕೊಳ್ಳುತ್ತದೆ. ಆದ್ದರಿಂದ ವೈದ್ಯಕೀಯ ಪರಿಭಾಷೆಯ ರಚನೆಯು ಭಾಷಾಂತರದ ಕೆಲಸವಷ್ಟೇ ಆಗಿರದೆ, ಕನ್ನಡ ಅಧ್ಯಯನವು ಹೊರಬೇಕಾದ ಸಾಮಾಜಿಕ ಹೊಣೆಯೂ ಆಗಿದೆ.