ಗಂಟೆ ಹಿಡಿದ ಗುರು

ಎಡ್ಡಿ ರಾಬಿನ್‌ಸನ್ನರ ಮಾತು ಬಂದಾಗಲೆಲ್ಲ ಬಲ್ಲವರು ಅವರ 408 ಗೆಲುವುಗಳನ್ನು ಎಣಿಸುತ್ತಾರೆ. ನನಗಾದರೋ ನೆನಪಾಗುವುದು ಒಂದು ಗಂಟೆ.

ಅಮೆರಿಕನ್ನರ ಫುಟ್‌ಬಾಲು ಕಾಲಿಗಿಂತ ಕೈಗೇ ಹೆಚ್ಚು ಕೆಲಸ ಕೊಡುವ ಒರಟು ಆಟ. ಲೂಸಿಯಾನದ ಗ್ರಾಂಬ್ಲಿಂಗ್ ಎಂಬ ಸಣ್ಣ ಊರಿನಲ್ಲಿ, ಕಪ್ಪು ಜನರಿಗಾಗಿ ಹುಟ್ಟಿದ ಕಾಲೇಜಿಗೆ ರಾಬಿನ್‌ಸನ್ 1941ರಲ್ಲಿ ಅದರ ಶಿಕ್ಷಕರಾಗಿ ಬಂದರು; 1997ರವರೆಗೆ ಆ ಕೆಲಸವನ್ನು ಬಿಡಲಿಲ್ಲ. ಅವರು ಬಂದ ದಿನಗಳಲ್ಲಿ ದಕ್ಷಿಣದ ದೊಡ್ಡ ವಿಶ್ವವಿದ್ಯಾನಿಲಯಗಳ ಬಾಗಿಲು ಈ ಹುಡುಗರಿಗೆ ಮುಚ್ಚಿತ್ತು. ಅವರ ಕೈಯಲ್ಲಿ ಪಳಗಿದ 200ಕ್ಕೂ ಹೆಚ್ಚು ಮಂದಿ ವೃತ್ತಿಪರ ತಂಡಗಳನ್ನು ಸೇರಿದರು. ಆಟವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿ ನಿಂತು, 1988ರಲ್ಲಿ ಸೂಪರ್ ಬೌಲ್ ಗೆದ್ದುಕೊಟ್ಟ ಮೊದಲ ಕಪ್ಪು ಆಟಗಾರ ಡಗ್ ವಿಲಿಯಮ್ಸ್ ಅವರ ಶಿಷ್ಯನೇ.

ಆದರೆ ಎಲ್ಲರೂ ವಿಲಿಯಮ್ಸ್ ಆಗಲಾರರಷ್ಟೆ. ಅದನ್ನು ಬಲ್ಲ ಗುರು ಬೆಳಗಿನ ಹೊತ್ತು ವಿದ್ಯಾರ್ಥಿನಿಲಯದಲ್ಲಿ ಗಂಟೆ ಬಾರಿಸುತ್ತ ನಡೆದು ಹುಡುಗರನ್ನು ಎಬ್ಬಿಸುತ್ತಿದ್ದರು, ಆಟಕ್ಕಲ್ಲ, ಪಾಠಕ್ಕೆ.

ರಾಬಿನ್‌ಸನ್ 2007ರಲ್ಲಿ ತೀರಿಕೊಂಡರು. 2011ರಲ್ಲಿ ಪೆನ್ ಸ್ಟೇಟಿನ ಜೋ ಪಟರ್ನೊ 409ನೆಯ ಗೆಲುವಿನಿಂದ ಅವರ ದಾಖಲೆಯನ್ನು ದಾಟಿದರು. ದಾಟಲಿ, ದಾಖಲೆ ಇರುವುದೇ ಅದಕ್ಕೆ. ಆ ಗಂಟೆಗೆ ಎದ್ದು ಪಾಠಕ್ಕೆ ಹೋಗಿ, ಮೈದಾನದಾಚೆ ಬದುಕು ಕಟ್ಟಿಕೊಂಡವರು ಗೆಲುವಿನ ಪಟ್ಟಿಯಲ್ಲಿಲ್ಲ. ಅವರನ್ನೇ ನಾನು ರಾಬಿನ್‌ಸನ್ನರು ಬಿಟ್ಟುಹೋದ ಆಸ್ತಿಯೆನ್ನುತ್ತೇನೆ.