ಹೊರೆಯಿಳಿದ ಮೇಲಣ ಹಾದಿ

ಶುಕ್ರವಾರದ ರಾಹುಕಾಲ ಹತ್ತೂವರೆಗೆ ಮೊದಲಾಗಿ ಹನ್ನೆರಡಕ್ಕೆ ಮುಗಿಯುತ್ತದೆ. ಆ ಒಂದೂವರೆ ಗಂಟೆಯ ಅವಧಿಯಲ್ಲಿ ಬನಶಂಕರಿ ಅಮ್ಮನವರ ಗುಡಿಯ ಬಳಿ ನಿಂತವರಿಗೆ, ರಸ ಹಿಂಡಿದ ನಿಂಬೆಯ ಹೋಳುಗಳನ್ನು ಒಳಹೊರಗಾಗಿ ಮಗುಚಿ, ಎಣ್ಣೆಯೆರೆದು, ಬತ್ತಿಯಿಟ್ಟು ದೀಪ ಹಚ್ಚುವ ಹೆಂಗಳೆಯರ ಸಾಲು ಕಾಣದೆ ಇರದು. ಒಂದು ವರ್ಷ ಶುಭ ಶುಕ್ರವಾರದಂದು ಅದೇ ವೇಳೆಯಲ್ಲಿ, ಅದೇ ರಸ್ತೆಯ ಅಂಚಿನಲ್ಲಿ, ಹಾರೋಬೆಲೆಯ ತವರಿಗೆ ಹೊರಟು ಕನಕಪುರದ ಬಸ್ಸಿಗೆ ಕಾದಿದ್ದ ಕ್ರೈಸ್ತ ಕುಟುಂಬವೊಂದನ್ನು ಕಂಡೆ. ಉಪವಾಸದ ದಿನವಾದ್ದರಿಂದ ಬುತ್ತಿಯ ಗಂಟಿರಲಿಲ್ಲ. ಮನೆಯ ಹಿರಿಯಾಕೆಯ ಕೈಯಲ್ಲಿ ಜಪಸರವಿತ್ತು. ಇಬ್ಬಗೆಯ ಭಕ್ತರನ್ನು ಒಂದೇ ನೋಟದಲ್ಲಿ ಕಂಡ ನನಗೆ, ಯಾತ್ರೆಯೆಂಬ ಮಾತು ಕ್ರೈಸ್ತರ ಬಾಯಲ್ಲಿ ಯಾವ ಅರ್ಥವನ್ನು ತಾಳುತ್ತದೆಂದು ವಿಚಾರಿಸಬೇಕೆನ್ನಿಸಿದ್ದು ಅಂದೇ.

ಆ ಧರ್ಮದ ಆದಿಪುರುಷರೆಲ್ಲರೂ ನಡೆದವರೇ ಆಗಿದ್ದಾರೆ. ಅಬ್ರಹಾಮನು ತನ್ನ ನಾಡನ್ನೂ ತಂದೆಯ ಮನೆಯನ್ನೂ ತೊರೆದು, ಎಲ್ಲಿಗೆಂಬುದನ್ನರಿಯದೆ ಹೊರಟನು. ಜೆರುಸಲೇಮಿನ ಉತ್ಸವಗಳಿಗೆ ಬೆಟ್ಟವೇರಿ ಹೋಗುವವರು ಹಾಡುತ್ತಿದ್ದವೆನ್ನಲಾದ 15 ಯಾತ್ರಾಗೀತೆಗಳು ಕೀರ್ತನೆಗಳ ಗ್ರಂಥದಲ್ಲಿ ಇಂದಿಗೂ ಒಂದೆಡೆ ಕೂಡಿಕೊಂಡಿವೆ. ಕ್ರಿಸ್ತನ ಅನುಯಾಯಿಗಳಿಗೆ ಕ್ರೈಸ್ತರೆಂಬ ಹೆಸರು ನೆಲೆಗೊಳ್ಳುವ ಮುನ್ನವೇ ಅವರನ್ನು ‘ಮಾರ್ಗ’ದವರೆಂದು ಕರೆಯುತ್ತಿದ್ದುದಕ್ಕೆ ಅಪೊಸ್ತಲರ ಕೃತ್ಯಗಳಲ್ಲಿ ಸಾಕ್ಷಿಯಿದೆ. ಮತವೆಂದಲ್ಲ, ಮಾರ್ಗವೆಂದು! ಈ ಒಂದು ಪದದಲ್ಲಿ ಎಷ್ಟೋ ಅಡಗಿದೆ.

ಕನ್ನಡದಲ್ಲಿ ಈ ಭಾವಕ್ಕೆ ಸ್ಪಷ್ಟವಾದ ರೂಪ ದೊರೆತದ್ದು ಜಾನ್ ಬನ್ಯನ್ನನ ರೂಪಕ ಕಥೆಯ ಅನುವಾದದಿಂದ. ಬನ್ಯನ್ 1628ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್ ಸಮೀಪದ ಎಲ್‌ಸ್ಟೋ ಎಂಬ ಹಳ್ಳಿಯಲ್ಲಿ ಹುಟ್ಟಿ, ತೂತುಬಿದ್ದ ಪಾತ್ರೆಗಳನ್ನು ಬೆಸೆದುಕೊಡುವ ತಂದೆಯ ಕಸುಬನ್ನೇ ಹಿಡಿದವನು. ಅನುಮತಿಯಿಲ್ಲದೆ ಉಪದೇಶ ಮಾಡಿದನೆಂಬ ತಪ್ಪಿಗೆ 1660ರಿಂದ ಹನ್ನೆರಡು ವರ್ಷ ಸೆರೆಮನೆಯಲ್ಲಿದ್ದವನು. 1678ರಲ್ಲಿ ಅಚ್ಚಾದ ಅವನ ಕೃತಿಯು ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಿಂದ ಬಾಸೆಲ್ ಮಿಷನ್ನಿನವರ ಪರಿಶ್ರಮದ ಫಲವಾಗಿ 1847ರಲ್ಲಿ ಕನ್ನಡಕ್ಕೆ ಬಂದಿತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕಾದಂಬರಿ ಪ್ರಕಟವಾದದ್ದು 1899ರಲ್ಲೆಂಬುದನ್ನು ನೆನೆದರೆ, ಈ ಗದ್ಯಕಥೆಯ ಹಿರಿತನ ವಿದಿತವಾದೀತು. ಪುಣ್ಯಕ್ಷೇತ್ರಗಳ ದರ್ಶನಕ್ಕೆ ಬೆಲೆ ಕೊಡದ ಪ್ಯೂರಿಟನ್ ಪಂಥದವನ ಕಥಾನಾಯಕನಿಗೆ, ಕಾಶಿ ತಿರುಪತಿಗಳ ಧೂಳು ಮೆತ್ತಿದ ‘ಯಾತ್ರಿಕ’ ಶಬ್ದವು ಒಪ್ಪಿದ ಬಗೆಯನ್ನು ನೋಡಿದಾಗ, ನಮ್ಮ ಭಾಷೆಯ ಆತಿಥ್ಯಕ್ಕೆ ಹೆಮ್ಮೆಪಡದಿರಲು ನನ್ನಿಂದಾಗದು.

ಕಥೆ ಸರಳವಾಗಿದೆ. ವಿನಾಶಕ್ಕೆ ಗುರಿಯಾದ ಪಟ್ಟಣವೊಂದರಲ್ಲಿ, ಬೆನ್ನ ಮೇಲೆ ಇಳಿಸಲಾಗದ ಹೊರೆಯನ್ನು ಹೊತ್ತ ಒಬ್ಬನು ಕೈಯಲ್ಲೊಂದು ಗ್ರಂಥವನ್ನು ಹಿಡಿದು ಕಂಗೆಟ್ಟು ನಿಂತಿರುತ್ತಾನೆ. ದೇವನಗರಿಯ ಸುದ್ದಿ ಕೇಳಿ ಮನೆಬಿಟ್ಟು ಓಡುತ್ತಾನೆ. ನಿರಾಶೆಯ ಕೆಸರಿನಲ್ಲಿ ಹೂತು, ಇಕ್ಕಟ್ಟಾದ ಬಾಗಿಲನ್ನು ನುಸುಳಿ, ಗುಡ್ಡವೊಂದನ್ನೇರಿ ಶಿಲುಬೆಯ ಎದುರಿಗೆ ಬಂದೊಡನೆ, ಅವನು ಕೈಯಿಂದ ಮುಟ್ಟದಿದ್ದರೂ ಕಟ್ಟು ತಾನಾಗಿ ಬಿಚ್ಚಿ, ಹೊರೆಯು ಉರುಳುರುಳಿ ಕೆಳಗಿದ್ದ ಸಮಾಧಿಯ ಬಾಯೊಳಕ್ಕೆ ಬಿದ್ದು ಕಣ್ಮರೆಯಾಗುತ್ತದೆ.

ಓದುಗರು ಇಲ್ಲಿ ತುಸು ನಿಲ್ಲಬೇಕೆಂದು ನನ್ನ ಬಿನ್ನಹ. ಈ ಪ್ರಸಂಗ ಬರುವುದು ಪುಸ್ತಕದ ಕೊನೆಯಲ್ಲಲ್ಲ, ಇನ್ನೂ ಆರಂಭದ ಭಾಗದಲ್ಲಿ. ಕ್ಷೇತ್ರವನ್ನು ಮುಟ್ಟಿ, ಮುಳುಗು ಹಾಕಿ, ಪಾಪವನ್ನು ಕಳೆದುಕೊಂಡು ಹಗುರಾಗಿ ಊರಿಗೆ ಮರಳುವುದೇ ಯಾತ್ರೆಯೆಂದು ಬಗೆದವರಿಗೆ ಈ ಕ್ರಮ ತಲೆಕೆಳಗಾಗಿ ತೋರೀತು. ಏಕೆಂದರೆ ಇಲ್ಲಿ ಹೊರೆ ಮೊದಲಿಗೇ ಇಳಿಯುತ್ತದೆ, ದಾರಿಯ ಬಹುಪಾಲು ಆಮೇಲೆ ಉಳಿಯುತ್ತದೆ. ಅವಮಾನದ ಕಣಿವೆಯಲ್ಲಿನ ಕಾಳಗ, ವ್ಯರ್ಥಾಡಂಬರದ ಸಂತೆಯಲ್ಲಿ ಸಂಗಡಿಗನ ಕೊಲೆ, ಸಂದೇಹದ ಕೋಟೆಯಲ್ಲಿನ ಸೆರೆ, ಸೇತುವೆಯಿಲ್ಲದ ಕಡೆಯ ಹೊಳೆ, ಇವೆಲ್ಲ ಕ್ಷಮೆ ಹೊಂದಿದವನಿಗೇ ಎದುರಾಗುತ್ತವೆ. ಕ್ರೈಸ್ತನು ಕ್ಷಮೆಯನ್ನು ಸಂಪಾದಿಸಲೆಂದು ನಡೆಯುವವನಲ್ಲ, ಕ್ಷಮೆ ಪಡೆದುದರಿಂದ ನಡೆಯುವವನು. ಈ ಭೇದವನ್ನು ಹಿಡಿಯದೆ ಅವನ ಉಪವಾಸವನ್ನೂ ಪ್ರಾರ್ಥನೆಯನ್ನೂ ದಾನವನ್ನೂ ಅರ್ಥಮಾಡಿಕೊಳ್ಳುವುದು ಅಸಾಧ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗೆಂದು ಕಾಲ್ನಡಿಗೆಯ ಯಾತ್ರೆ ಅವರಲ್ಲಿ ಇಲ್ಲವೆಂದಲ್ಲ. ಕಥೋಲಿಕರ ತಪಸ್ಸುಕಾಲ ವಿಭೂತಿ ಬುಧವಾರದಂದು ಮೊದಲಾಗುತ್ತದೆ. ಹಿಂದಿನ ವರ್ಷದ ಗರಿಗಳ ಭಾನುವಾರದಲ್ಲಿ ಆಶೀರ್ವದಿಸಿದ ಗರಿಗಳನ್ನು ಸುಟ್ಟ ಬೂದಿಯನ್ನು ಗುರುಗಳು ಹಣೆಗಿಡುತ್ತಾರೆ. ಅಲ್ಲಿಂದ 40 ದಿನಗಳ ವ್ರತ. ಶುಕ್ರವಾರಗಳಂದು ಶಿಲುಬೆಹಾದಿ, ಅದಕ್ಕೆ 14 ಸ್ಥಳಗಳು. ನಮ್ಮ ಬನಶಂಕರಿಯಿಂದ ದಕ್ಷಿಣಕ್ಕೆ ಹೋಗುವ ಕನಕಪುರ ರಸ್ತೆಯೇ ಅರ್ಕಾವತಿಯ ತೀರದ ಹಾರೋಬೆಲೆಯ ಕಡೆಗೂ ಒಯ್ಯುತ್ತದೆ. ಊರಿಗೆ ಊರೇ ಕ್ರೈಸ್ತವೆನ್ನಬಹುದಾದ ಆ ಕನ್ನಡ ಗ್ರಾಮದವರು ಪ್ರಾರ್ಥನೆಗೆ ಏರುವ ಗುಡ್ಡದ ಹೆಸರು ಕಪಾಲಬೆಟ್ಟ. ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಎಂಬ ಹೆಸರಿಗೂ ಕಪಾಲವೆಂದೇ ಅರ್ಥ. ಪರದೇಶದ ಗುಡ್ಡವೊಂದನ್ನು ತಮ್ಮ ರಾಗಿಹೊಲಗಳ ನೆರೆಯಲ್ಲೇ ಕಂಡುಕೊಂಡ ಭಕ್ತಿ ಅದು. ಶಿಲುಬೆಹಾದಿಯ ಐದನೆಯ ಸ್ಥಳದಲ್ಲಿ, ಊರೊಳಗೆ ಬರುತ್ತಿದ್ದ ಸಿರೇನಿನ ಸಿಮೋನನೆಂಬ ದಾರಿಹೋಕನ ಹೆಗಲಿಗೆ ಸೈನಿಕರು ಯೇಸುವಿನ ಶಿಲುಬೆಯನ್ನು ಹೊರಿಸುತ್ತಾರೆ. ತನ್ನ ಹೊರೆ ಇಳಿದವನು ಪರರ ಹೊರೆಗೆ ಹೆಗಲು ಕೊಡಬೇಕೆಂಬುದನ್ನು ಹಳ್ಳಿಯ ಮಕ್ಕಳೂ ಕಲಿಯುವುದು ಆ ಚಿತ್ರದಿಂದ.

ಯಾತ್ರಿಕನಾದವನು ಹಾದಿಯಲ್ಲಿ ಸಿಕ್ಕ ಇತರರ ಮಾತಿಗೂ ಕಿವಿಗೊಡಬೇಕಷ್ಟೆ. ಬಾಸೆಲ್ ಮಿಷನ್ನಿನ ಸಭೆಯಲ್ಲಿ ಬೆಳೆದು ಪಾದ್ರಿಯಾದ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು, ಇನ್ನೊಬ್ಬ ಅಲೆಮಾರಿಯಾದ ಸರ್ವಜ್ಞನ ವಚನಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆ ಸಂಗ್ರಹಕಾರ್ಯವನ್ನು ಅವರ ಕ್ರೈಸ್ತ ಜೀವನದಿಂದ ಬೇರ್ಪಡಿಸಿ ನೋಡಲು ನಾನು ಒಲ್ಲೆ.

ಬನ್ಯನ್ 1684ರಲ್ಲಿ ಬರೆದ ಎರಡನೆಯ ಭಾಗವನ್ನು ಓದಿದವರು ಕಡಿಮೆ. ನನಗೆ ಅದೇ ಹೆಚ್ಚು ಪ್ರಿಯ. ಮೊದಲ ಭಾಗದವನು ಹೆಂಡತಿ ಮಕ್ಕಳನ್ನು ಹಿಂದೆ ಬಿಟ್ಟು ಓಡಿದ್ದನಷ್ಟೆ. ಈಗ ಅವರೂ, ನೆರೆಯ ತರುಣಿಯೊಬ್ಬಳೂ, ದಾರಿಯಲ್ಲಿ ಕೂಡಿಕೊಂಡ ವೃದ್ಧರೂ, ಊರುಗೋಲಿನ ಕುಂಟನೂ, ಎದೆಗುಂದಿದ ಅಂಜುಬುರುಕನೂ ಗುಂಪಾಗಿ ಹೊರಡುತ್ತಾರೆ. ಬಲಿಷ್ಠನಾದ ಮಾರ್ಗದರ್ಶಿಯು ದುರ್ಬಲರಿಗಾಗಿ ಕಾಯಲು ಒಪ್ಪುತ್ತಾನೆ.

ನಮ್ಮ ಬೀದಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಭಾನುವಾರ ಬೆಳಗ್ಗೆ ಬೈಬಲ್ಲನ್ನೂ ಕೀರ್ತನೆ ಪುಸ್ತಕವನ್ನೂ ಬಟ್ಟೆಯ ಚೀಲದಲ್ಲಿಟ್ಟುಕೊಂಡು ಆರಾಧನೆಗೆ ಹೊರಡುತ್ತಾರೆ. ಮೂರು ಮನೆಯಾಚೆ ನಿಂತು, ಮಂಡಿನೋವಿನ ಮುದುಕಿಯೊಬ್ಬರು ಗೇಟಿನ ಚಿಲಕ ಹಾಕುವವರೆಗೆ ಕಾದು, ಅವರ ಮೊಳಕೈಗೆ ತಮ್ಮ ಕೈಯನ್ನು ಆಸರೆ ಕೊಡುತ್ತಾರೆ. ಮರದ ಬೇರು ಎಬ್ಬಿಸಿದ ಕಲ್ಲುಚಪ್ಪಡಿ ಬಂದಾಗಲೆಲ್ಲ ಇಬ್ಬರೂ ನಿಂತು, ಒಂದೊಂದೇ ಕಾಲನ್ನೆತ್ತಿ ದಾಟುತ್ತಾರೆ. “ಆಟೋ ಕರೆಯಬಾರದೇ, ಟೀಚರಮ್ಮ?” ಎಂದೆ ಒಮ್ಮೆ. “ಅವರಿಗೆ ನಡೆದೇ ಬರಬೇಕೂಂತ ಆಸೆ ಸ್ವಾಮಿ, ನಾನು ಬೇಗ ಹೊರಟರಾಯ್ತು” ಎಂದರು. ಒಬ್ಬರೇ ನಡೆದರೆ ಅದು ಹತ್ತು ನಿಮಿಷದ ಹಾದಿ. ಆರಾಧನೆ ಎಂಟು ಗಂಟೆಗೆ. ಅವರು ಮನೆಯಿಂದ ಹೊರಡುವುದು ಏಳೂಕಾಲಕ್ಕೆ.