ಮುಂಬೈಯಲ್ಲಿ ಹುಟ್ಟಿದ ಬ್ರಿಟಿಷ್ ಯುದ್ಧನೌಕೆ

ಬ್ರಿಟನ್ನಿನ ಯುದ್ಧನೌಕೆಗಳಲ್ಲಿ ಇಂದಿಗೂ ನೀರಿನ ಮೇಲೆ ತೇಲುತ್ತಿರುವ ಅತಿ ಹಳೆಯದು ತಯಾರಾದದ್ದು ಮುಂಬೈಯಲ್ಲಿ! ಅದರ ಹೆಸರು ‘ಟ್ರಿಂಕೋಮಲಿ’. ಪಾರ್ಸಿ ಹಡಗು ಶಿಲ್ಪಿ ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ ಅವರ ಉಸ್ತುವಾರಿಯಲ್ಲಿ ಕಟ್ಟಿದ ಈ ಹಾಯಿ ಹಡಗು 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು.

ಇದರ ನಕ್ಷೆಯದೇ ಒಂದು ಕಥೆ. ಇಂಗ್ಲೆಂಡಿನಿಂದ ಮುಂಬೈಗೆ ನಕ್ಷೆ ಹೊತ್ತು ಹೊರಟ ‘ಜಾವಾ’ ಹಡಗನ್ನು 1812ರಲ್ಲಿ ಬ್ರೆಜಿಲ್ ಕರಾವಳಿಯಾಚೆ ಅಮೆರಿಕನ್ನರು ಸೋಲಿಸಿದರು. ಹಡಗಿನ ಜೊತೆ ನಕ್ಷೆಯೂ ಹೋಯಿತು. ಮತ್ತೊಂದು ಪ್ರತಿ ಬರುವವರೆಗೆ ಕೆಲಸ ಶುರುವಾಗಲಿಲ್ಲ.

ಕಟ್ಟಿದ್ದು ಮಲಬಾರಿನ ತೇಗದಿಂದ. ಓಕ್ ಮರದ ಆಮ್ಲ ಕಬ್ಬಿಣದ ಮೊಳೆಗಳನ್ನು ತಿಂದುಹಾಕುತ್ತದೆ. ಎಣ್ಣೆಯಂಶವಿರುವ ತೇಗ ಹಾಗಲ್ಲ. ಹಡಗಿನ ದೀರ್ಘಾಯುಸ್ಸಿಗೆ ಇದೂ ಒಂದು ಕಾರಣ. ಇನ್ನೊಂದು, ಅದೃಷ್ಟವೆನ್ನಬೇಕು: ನೆಪೋಲಿಯನ್ ಯುದ್ಧ ಮುಗಿದಿತ್ತು. 1819ರಲ್ಲಿ ಪೋರ್ಟ್ಸ್‌ಮತ್ ತಲುಪಿದ ಹಡಗು ಕಾಲು ಶತಮಾನ ಸುಮ್ಮನೆ ಲಂಗರು ಹಾಕಿ ನಿಂತಿತು. 1847ರ ನಂತರ ವೆಸ್ಟ್ ಇಂಡೀಸ್ ಹಾಗೂ ಪೆಸಿಫಿಕ್ ಸಾಗರದಲ್ಲಿ ಗಸ್ತು ತಿರುಗಿದ್ದೇ ಬಂತು, ಹೆಸರಿಸುವಂಥ ಕಾಳಗವೊಂದೂ ಅದರ ಪಾಲಿಗೆ ಬರಲಿಲ್ಲ. ಆಮೇಲೆ ತರಬೇತಿ ಹಡಗಾಯಿತು.

1897ರಲ್ಲಿ ಹಡಗು ಒಡೆಯುವವರ ಕೈಸೇರಿದ್ದ ಇದನ್ನು ವೀಟ್ಲಿ ಕಾಬ್ ಎಂಬ ಶ್ರೀಮಂತರು ಕೊಂಡು ಉಳಿಸಿದರು. ‘ಫೂಡ್ರಾಯಂಟ್’ ಎಂದು ಹೆಸರು ಬದಲಾಯಿಸಿ, ಹುಡುಗರಿಗೆ ನೌಕಾ ತರಬೇತಿ ಕೊಡಲು ಬಳಸಿದರು. ಹಳೆಯ ಹೆಸರು ಮರಳಿದ್ದು 1992ರಲ್ಲಿ. ದುರಸ್ತಿಗೊಂಡ ಹಡಗನ್ನು ಈಗ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಹತ್ತಿ ನೋಡಬಹುದು.